ಕುರಿಯ ಕಾಲಮಿನಲ್ಲಿ ಬರೆದ ನಾಯಿ

ಬೈಲಹೊಂಗಲದ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ ಪಶುವೈದ್ಯೆಯೊಬ್ಬರು ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಚಹಾ ಮುಗಿಯುವ ಮೊದಲೇ ಕೇಳಿದರು: "ಸರ್, ಬ್ಯಾಸಗಿ ಬಂತು. ದವಾಖಾನಿಗೆ ನಾಯಿ ತರೋರು ಹೆಚ್ಚಾಗ್ಯಾರ. ಪುಸ್ತಕದಾಗ ಏನೈತಿ ಅದು ನನಗ ಗೊತ್ತೈತಿ. ಪುಸ್ತಕದಾಗ ಇಲ್ಲದ್ದು ನಿಮಗೇನರ ಗೊತ್ತಿದ್ದರ ಬರದು ಕೊಡ್ರಿ."

ಒಪ್ಪಿಕೊಂಡೆ. ಅವರು ಹೋದ ಮೇಲೆ ಬೀರುವಿನಿಂದ ಪಶುವೈದ್ಯನಾಗಿ ನೌಕರಿ ಮಾಡಿದ ಕಾಲದ ಹಳೆಯ ಡೈರಿಗಳನ್ನು ತೆಗೆದು ಕುಳಿತೆ. ಆಗ ಕಷ್ಟ ಶುರುವಾಯಿತು. ನನಗೆ ಚೆನ್ನಾಗಿ ನೆನಪಿರುವ ಪ್ರಕರಣಗಳು ಡೈರಿಯಲ್ಲಿ ಇಲ್ಲ, ಇರುವವು ನೆನಪಿಗೆ ಹೊಂದುವುದಿಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ, ಎರಡೂ ನನ್ನವೇ. ಹೀಗಾಗಿ ಓದುವ ಕಿರಿಯರು ನಾನು ಹೇಳಿದ್ದನ್ನು ಪೂರ್ತಿ ನಂಬಬಾರದು. ಪರೀಕ್ಷಿಸಿ ನೋಡಬಹುದಾದದ್ದನ್ನು ಪರೀಕ್ಷಿಸಿ ನೋಡಲಿ.

ಬೈಲಹೊಂಗಲದಿಂದಲೇ ಆರಂಭಿಸುತ್ತೇನೆ. ತೊಂಬತ್ತರ ದಶಕದ ನಡುಭಾಗ. ನಾನು ಕಾಲೇಜಿನಿಂದ ಸ್ನಾತಕೋತ್ತರ ಪದವಿ ಮುಗಿಸಿ ಬಂದ ಹೊಸತು. ಪೇಟೆಯ ದಲಾಲರೊಬ್ಬರು ಮೈತುಂಬ ಬಿಳಿ ಕೂದಲಿನ ಪಮೇರಿಯನ್ ನಾಯಿಯೊಂದನ್ನು ಸಾಕಿದ್ದರು. ಮಧ್ಯಾಹ್ನ ತಗಡಿನ ಗೋದಾಮಿನಲ್ಲಿ ಕಟ್ಟಿ ಊಟಕ್ಕೆ ಹೋದವರು ಬಂದು ನೋಡಿದರೆ ನಾಯಿ ಅಡ್ಡಬಿದ್ದಿದೆ, ನಾಲಿಗೆ ಕೆಂಪಗೆ ಹೊರಚಾಚಿದೆ. ಬಿಸಿಲಿನ ಹೊಡೆತ, ಅದರಲ್ಲಿ ಅನುಮಾನವಿರಲಿಲ್ಲ. ನಾನು ಒಂದು ಗೋಣಿಚೀಲವನ್ನು ನೀರಿನಲ್ಲಿ ಅದ್ದಿ, ನಾಯಿಯ ಮೈಮೇಲೆ ಹೊದಿಸಿ, ಬಿಸಿಗಾಳಿ ಬಾರದಿರಲೆಂದು ದವಾಖಾನೆಯ ಕಿಟಕಿಗಳನ್ನು ಮುಚ್ಚಿಸಿದೆ. ದಲಾಲರು ಮೆಚ್ಚಿ ತಲೆಯಾಡಿಸಿದರು.

ನಮ್ಮ ದವಾಖಾನೆಯ ಪರಿಚಾರಕ ದಸ್ತಗೀರ ಮಾತ್ರ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಯರಗಟ್ಟಿಯವನು, ನನಗಿಂತ ಹತ್ತು ವರ್ಷ ಹಿರಿಯ. ಅವನ ತಂದೆ ಹತ್ತಿ ಪೇಟೆಯಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊರುವ ಹಮಾಲಿ ಮಾಡಿದವರು.

"ಸಾಹೇಬ್ರ, ಒಂದ ಮಾತ ಹೇಳ್ಲೇನ್ರಿ? ಸಿಟ್ಟಾಗಬಾರ್ದು."

"ಹೇಳು."

"ಹಸಿ ಹತ್ತಿ ಅಂಡಿಗಿ ಕಟ್ಟಿದರ ಒಳಗ ಕಾಯತೈತ್ರಿ. ಕೈ ಹಾಕಿದರ ಸುಡತೈತಿ. ನಮ್ಮಪ್ಪ ತೋರಿಸಿದ್ದ. ಇದಕ್ಕೂ ಹಸಿ ಗೋಣಿ ಹೊಚ್ಚಿ ಕಿಟಕಿ ಹಾಕೀವಿ. ಅಂಡಿಗಿ ಆತಲ್ರಿ ಇದು?"

ನನಗೆ ಸಿಟ್ಟು ಬಂತು. ಆದರೂ ಗೋಣಿಯ ಕೆಳಗೆ ಕೈ ತೂರಿಸಿದೆ. ಅಲ್ಲಿನ ನೀರು ಆಗಲೇ ಬೆಚ್ಚಗಾಗಿತ್ತು. ಗೋಣಿ ಕಿತ್ತೆಸೆದು, ಕಿಟಕಿ ತೆರೆದು, ಹೊಟ್ಟೆ, ಬಗಲು, ಪಾದಗಳ ಮೇಲೆ ನೀರು ಸುರಿಯುತ್ತ ಹೋದೆವು. ದಸ್ತಗೀರ ಕೇಸ್ ಪೇಪರಿನ ಫೈಲಿನಿಂದ ಗಾಳಿ ಹಾಕಿದ. ನಾಯಿ ಬದುಕಿತು. ಈಗ ಎಲ್ಲರೂ ಒಪ್ಪುವ ಮಾತು ಇದು: ನೀರು ಸುರಿಯಬೇಕು, ಗಾಳಿ ಆಡಬೇಕು, ಹೊದಿಸಿ ಬಿಡಬಾರದು, ದವಾಖಾನೆಗೆ ಹೊತ್ತು ತರುವ ಮೊದಲೇ, ಬಿದ್ದಲ್ಲಿಯೇ ತಣಿಸಲು ಶುರು ಮಾಡಬೇಕು. ನನಗೆ ಅದನ್ನು ಕಲಿಸಿದ್ದು ಹತ್ತಿಯ ಅಂಡಿಗೆ.

ಕಿತ್ತೂರಿನದು ಇನ್ನೊಂದು ಬಗೆ. ಬೈಲಹೊಂಗಲವೇ ಇರಬಹುದೇನೋ, ಡೈರಿಯಲ್ಲಿ ಊರಿನ ಹೆಸರಿಲ್ಲ. ಆದರೆ ನಾಯಿ ತಂದ ಶಾಲಾ ಮಾಸ್ತರರ ಮುಖ ನೆನಪಿದೆ. ಕೆಂಪಗೆ ಬೊಬ್ಬೆ ಎದ್ದ ಬೆನ್ನಿನ ನಾಯಿಯನ್ನು ಚಾದರದಲ್ಲಿ ಸುತ್ತಿ ತಂದಿದ್ದರು. ಮೈಮೇಲೆ ಒಂದೂ ಕೂದಲಿಲ್ಲ.

"ಏನ್ರಿ ಮಾಸ್ತರ ಇದು?"

"ಬ್ಯಾಸಗಿಗೆ ನಾ ತಲಿ ಬೋಳ ಮಾಡಸ್ತೇನ್ರಿ, ಹಗರ ಆಕೈತಿ. ಪಾಪ ಇದಕ್ಕ್ಯಾಕ ಶಿಕ್ಷಾ ಅಂತ, ನನ್ನ ಸಂಗಡನ ಕುಂಡ್ರಿಸಿ ಮಾಡಿಸಿದೆ."

"ನೀವು ಹೊರಗ ಹೋಗುವಾಗ ಟೊಪಗಿ ಹಾಕ್ಕೋತೀರಿ?"

"ಹೌದ್ರಿ."

"ಅದರ ಟೊಪಗೀನ ನೀವು ಬೋಳಿಸೀರಿ."

ಮಾಸ್ತರರು ಚಾದರದ ಅಂಚನ್ನು ನಾಯಿಯ ಬೆನ್ನಿನ ಮೇಲೆ ಮೆಲ್ಲಗೆ ಎಳೆದು, "ಸಾಲ್ಯಾಗ ಹೇಳಬ್ಯಾಡ್ರಿ" ಎಂದರು. ಹೇಳಿಲ್ಲ. ಗಂಟಾದ ಕೂದಲು ಬಾಚಿ ತೆಗೆಯಬೇಕು, ಚರ್ಮ ಕಾಣುವಷ್ಟು ಬೋಳಿಸಬಾರದು ಎಂಬುದನ್ನು ಮಾತ್ರ ಆಮೇಲೆ ಎಲ್ಲರಿಗೂ ಹೇಳುತ್ತ ಬಂದೆ.

ಈಗ ಸವದತ್ತಿ. ಇದಕ್ಕಾಗಿಯೇ ನಾನು ಬರೆಯಲು ಕುಳಿತದ್ದು.

ನನಗೆ ಅಲ್ಲಿಗೆ ವರ್ಗವಾದಾಗ ದಸ್ತಗೀರ ಆರು ತಿಂಗಳು ಮೊದಲೇ ಹೋಗಿ ಕುಳಿತಿದ್ದ. ಬೇಸಿಗೆಯಲ್ಲಿ ಮಲಪ್ರಭೆಯ ಹಿನ್ನೀರು ಇಳಿದು ದಂಡೆ ಅಗಲವಾದಾಗ ಕುರಿಗಾರರು ಅಲ್ಲಿಗೆ ಹಿಂಡು ತರುತ್ತಾರೆ. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಬೇಕು. ಸೊಂಟದುದ್ದ ನೀರಿನಲ್ಲಿ ಗಂಡಸರು ಸಾಲಾಗಿ ನಿಂತು, ಒಂದೊಂದೇ ಕುರಿಯನ್ನು ತಿಕ್ಕಿ, ಕೈಯಿಂದ ಕೈಗೆ ದಾಟಿಸಿ ಆಚೆ ದಂಡೆಗೆ ಬಿಡುತ್ತಾರೆ. ಹೆದರಿ ಆಳಕ್ಕೆ ತಿರುಗುವ ಕುರಿಯನ್ನು ಈಜಿ ಅಡ್ಡಗಟ್ಟಿ ಮರಳಿಸುವುದು ನಾಯಿಯ ಕೆಲಸ. ದೂರದಿಂದ ನೋಡುವವರಿಗೆ ನಾಯಿ ನೀರಾಟ ಆಡುತ್ತಿದೆ ಎನಿಸುತ್ತದೆ. ಅದು ಬೆಳಗಿನಿಂದ ದುಡಿಯುತ್ತಿರುತ್ತದೆ.

ನಾನು ಕುರಿಗಳಿಗೆ ಲಸಿಕೆ ಹಾಕಲು ಹೋಗಿದ್ದೆ. ದಂಡೆಯ ಕಲ್ಲಿನ ಮೇಲೆ ಬಾಳವ್ವ ಕುಳಿತಿದ್ದಳು. ಅರವತ್ತರ ಆಸುಪಾಸು, ಹಿಂಡಿನ ಒಡತಿ. ಅವಳ ಬೆಳೆದ ಇಬ್ಬರು ಗಂಡುಮಕ್ಕಳು ನೀರಿನಲ್ಲಿದ್ದರು. ನಾಯಿಯ ಹೆಸರು ಚಿಗರಿ. ಮಣ್ಣಿನ ಬಣ್ಣದ, ಬಡಕಲು ಸೊಂಟದ, ಬೇಟೆತಳಿಯ ಬೆರಕೆ ಹೆಣ್ಣು. ಹತ್ತು ಹನ್ನೆರಡು ಕುರಿ ದಾಟಿದೊಡನೆ ಬಾಳವ್ವ ನಾಲಿಗೆಯಲ್ಲಿ ಒಂದು ಸದ್ದು ಮಾಡುತ್ತಿದ್ದಳು. ಚಿಗರಿ ಕೆಲಸ ಬಿಟ್ಟು ಮೇಲೆ ಬರುತ್ತಿತ್ತು. ಅದನ್ನು ಉಣ್ಣೆಯ ಹಗ್ಗದಿಂದ ಜಾಲಿಮರಕ್ಕೆ ಕಟ್ಟಿ, ಒಂದು ಬಟ್ಟಲು ಉಪ್ಪಿನಂಬಲಿ ಇಟ್ಟು, ಕಾಯುತ್ತ ಕೂರುತ್ತಿದ್ದಳು. ಅಷ್ಟೂ ಹೊತ್ತು ಮಕ್ಕಳು ನೀರಿನಲ್ಲಿ ಸುಮ್ಮನೆ ನಿಂತಿರಬೇಕು.

"ಯಾಕವ್ವ, ಇಂಥಾ ಬಿಸಿಲಾಗ ನಾಯಿ ಹೊರಗ ಕಟ್ಟೀರಿ?" ಎಂದೆ.

"ಇನ್ನ ಉಚ್ಚಿ ಹೊಯ್ದಿಲ್ರಿ. ಹೊಯ್ದ ಮ್ಯಾಲ ಬಿಡತೇನಿ."

"ಉಚ್ಚಿಗೂ ಈಜಿಗೂ ಏನ್ ಸಂಬಂಧ?"

"ಅದನ್ನ ನೀವ ಹೇಳಬೇಕ್ರಿ. ನೀವು ಓದಿದೋರು. ನಾ ಬರೇ ನೋಡಿದಾಕಿ."

ಮಕ್ಕಳು ನಕ್ಕರು. ಅವರು ತಾಯಿಯನ್ನು ಕಂಡು ನಕ್ಕರೋ ನನ್ನನ್ನು ಕಂಡೋ ತಿಳಿಯಲಿಲ್ಲ. ನಾನು ಹತ್ತು ನಿಮಿಷ ಭಾಷಣ ಮಾಡಿದೆ. ನಾಯಿಗೆ ನಮ್ಮ ಹಾಗೆ ಬೆವರಿಲ್ಲ, ಜಾಲಿಯ ನೆರಳು ನೆರಳಲ್ಲ, ಬೇಸಿಗೆಯಲ್ಲಿ ನಾಯಿಗೆ ನೀರಿಗಿಂತ ಸುರಕ್ಷಿತ ಜಾಗವಿಲ್ಲ, ಬಿಟ್ಟುಬಿಡಿ ಅದನ್ನು ನೀರಿಗೆ. ಹಿರಿಯ ಮಗ ಅಷ್ಟನ್ನೇ ಕಾಯುತ್ತಿದ್ದ. "ಡಾಕ್ಟರ ಹೇಳಾಕ ಹತ್ತ್ಯಾರಲ್ಲ ಯವ್ವಾ, ಬಿಡು. ಹೊತ್ತ ಮುಣಗೂದ್ರೊಳಗ ಮುಗಸೂಣು." ಬಾಳವ್ವ ಹಗ್ಗ ಬಿಚ್ಚಿದಳು. ನಾನು ಪಕ್ಕದ ಹಿಂಡಿನ ಕಡೆ ನಡೆದೆ.

ಮೂರು ಗಂಟೆಯ ಹೊತ್ತಿಗೆ ಕೂಗು ಕೇಳಿತು. ಓಡಿ ಬಂದು ನೋಡಿದರೆ ಚಿಗರಿ ದಂಡೆಯ ಮೇಲೆ ಕುಡಿದವರ ಹಾಗೆ ತೂರಾಡುತ್ತಿದೆ. ತಿಳಿನೀರಿನಂಥ ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿದೆ. ಎರಡು ಸಲ ಬರೀ ನೀರನ್ನೇ ಕಾರಿತು. ಹಿಂಗಾಲು ಕುಸಿದು ಬಿತ್ತು.

ಬಾಳವ್ವ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಹ್ವಾದ ಮಳಿಗಾಲದಾಗ ಇದರ ಜೋಡಿ ನಾಯಿ ತೋಳದ ಬಾಯಿಗೆ ಹೋತ್ರಿ ಸಾಹೇಬ್ರ. ಇದೊಂದ ಉಳದೈತಿ. ಮರಿ ಹಾಕಿದ ಕುರಿ ಅದಾವ. ಇದು ಹೋದರ ನನ್ನ ಹಿಂಡ ಕಾಯೋರ ಇಲ್ಲ." ಅಳಲಿಲ್ಲ. ಹೇಳಬೇಕಾದ್ದನ್ನು ಹೇಳಿ ನನ್ನ ಕೈ ನೋಡುತ್ತ ಕುಳಿತಳು.

ಬಿಸಿಲು ಬಡಿದಿದೆ ಎಂದು ತೀರ್ಮಾನಿಸಿದೆ. ಥರ್ಮಾಮೀಟರ್ ಇಟ್ಟೆ. ತೊಂಬತ್ತೊಂಬತ್ತು. ನಾಯಿಯ ಮೈ ಸಹಜವಾಗಿ ನೂರೊಂದು, ನೂರೆರಡು ಇರುತ್ತದೆ. ಬಿಸಿಲು ಬಡಿದರೆ ಅದಕ್ಕಿಂತ ಬಹಳ ಮೇಲೆ ಹೋಗಬೇಕು. ಜಾಡಿಸಿ ಮತ್ತೆ ಇಟ್ಟೆ. ಮತ್ತೆ ತೊಂಬತ್ತೊಂಬತ್ತು.

"ಥರ್ಮಾಮೀಟರ್ ಕೆಟ್ಟೈತಿ," ಎಂದೆ.

"ಮುಂಜಾನೆ ಎಮ್ಮಿಗೆ ಸರಿ ತೋರಿಸ್ತರಿ," ಎಂದ ದಸ್ತಗೀರ.

ಕಾಲೇಜಿನಲ್ಲಿ ನನ್ನನ್ನು ಎಲ್ಲರೂ ಸಂಶಯಗಾರ ಎನ್ನುತ್ತಿದ್ದರು. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು. ಆ ದಿನವೂ ಸಂಶಯಪಟ್ಟೆ, ಗಾಜಿನ ಕೊಳವೆಯ ಮೇಲೆ. ನನ್ನ ತಲೆಯೊಳಗಿನ ತೀರ್ಮಾನದ ಮೇಲೆ ಪಡಲಿಲ್ಲ.

ಡೆಕ್ಸ್ಟ್ರೋಸ್ ಎಂಬ ಗ್ಲೂಕೋಸ್ ನೀರಿನ ಬಾಟಲಿಯನ್ನು ಜಾಲಿಯ ಕೊಂಬೆಗೆ ತೂಗುಹಾಕಿ, ಮುಂಗಾಲಿನ ರಕ್ತನಾಳಕ್ಕೆ ಸೂಜಿ ಹಾಕಿ, ಹನಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಚಿಗರಿಯ ಮೈ ಸೆಟೆದು ಕಾಲು ಬಡಿಯತೊಡಗಿತು. ಹನಿಯ ವೇಗ ಹೆಚ್ಚಿಸಲು ಕೈ ಎತ್ತಿದೆ. ಆಗ ಬಾಳವ್ವ ಆ ಪ್ಲಾಸ್ಟಿಕ್ ನಳಿಗೆಯನ್ನು ಎರಡು ಬೆರಳಲ್ಲಿ ಮಡಚಿ ಹಿಡಿದಳು.

"ಹೊಟ್ಟಿ ನೋಡ್ರಿ ಇದರದು. ಕೊಡ ಆಗೈತಿ. ತುಂಬಿದ ಕೊಡಕ್ಕ ಮತ್ತ ಯಾಕ ನೀರ ಹಾಕ್ತೀರಿ?"

"ಕೈ ಬಿಡವ್ವ, ಸಾಯತೈತಿ ಅದು!"

"ನೀರ ಕುಡದ ಸಾಯಾಕ ಹತ್ತೈತ್ರಿ. ನೀರಾಗ ಬೊಗಳಿದಾಗೊಮ್ಮೆ ಬಾಯಿ ತಗೀತೈತಿ, ಕುರೀ ತುಪ್ಪಳ ಕಚ್ಚಿದಾಗೊಮ್ಮೆ ಬಾಯಿ ತಗೀತೈತಿ. ಅಷ್ಟೂ ಒಳಗ ಹೋಗೈತಿ. ಹೊರಗ ಬಂದಿಲ್ಲ. ಅದಕ್ಕ ನಾ ಕಟ್ಟತಿದ್ನಿ."

ಹೊಟ್ಟೆ ಮುಟ್ಟಿದೆ. ಬಿಗಿದು ಉಬ್ಬಿತ್ತು. ವಸಡು ನೋಡಿದೆ, ಕೆಂಪಲ್ಲ, ಬಿಳಿಚಿಕೊಂಡಿತ್ತು. ಕಣ್ಣಿನ ಪಾಪೆ ಹಿಗ್ಗಿತ್ತು. ಇವನ್ನೆಲ್ಲ ನಾನು ಮೊದಲೇ ನೋಡಬೇಕಿತ್ತು. ಸೂಜಿ ಕಿತ್ತೆ.

ಮುಂದೆ ನಡೆದದ್ದರಲ್ಲಿ ಒಂದು ಸಣ್ಣ ಭಾಗ ನನಗೆ ಸ್ಪಷ್ಟವಿಲ್ಲ. ಕೆಚ್ಚಲು ಬಾತ ಹಸುಗಳಿಗೆ ಮೈಯ ನೀರು ಇಳಿಸಲು ಕೊಡುವ ಇಂಜೆಕ್ಷನ್ನು ನಮ್ಮ ಪೆಟ್ಟಿಗೆಯಲ್ಲಿತ್ತು. ಅದನ್ನು ನಾನು ಕೇಳಿ ತೆಗೆದುಕೊಂಡೆನೋ, ದಸ್ತಗೀರನೇ ಮುಂದೆ ಹಿಡಿದನೋ? ಬಹಳ ವರ್ಷ ನಾನೇ ಕೇಳಿದೆ ಎಂದುಕೊಂಡಿದ್ದೆ. ಈಗ ಆ ಖಾತ್ರಿ ಇಲ್ಲ. ಪ್ರಮಾಣ ಲೆಕ್ಕ ಹಾಕಿ ಕೊಟ್ಟದ್ದು ಮಾತ್ರ ನಾನೇ.

ಆಮೇಲೆ ಮಾಡುವುದು ಏನೂ ಇರಲಿಲ್ಲ. ಬಾಳವ್ವ ನಾಯಿಯನ್ನು ಇಳಿಜಾರಿಗೆ ತಲೆ ಮಾಡಿ ಮಲಗಿಸಿ, ಬಾಯಿಯ ನೀರು ಒರೆಸುತ್ತ, "ಹೊಯ್ಯಿ ನಮ್ಮವ್ವ, ಒಂದ ಸಲ ಹೊಯ್ಯಿ" ಎನ್ನುತ್ತಿದ್ದಳು. ಮಕ್ಕಳು ಕುರಿ ಬಿಟ್ಟು ಒದ್ದೆ ಧೋತರದಲ್ಲಿ ಬಂದು ನಿಂತರು. ಹಿರಿಯವನು ನನ್ನ ಮುಖ ನೋಡಲಿಲ್ಲ. ಅರ್ಧ ಗಂಟೆ ಇರಬೇಕು. ನಾಯಿಯ ಕೆಳಗಿನ ಮಣ್ಣು ಒದ್ದೆಯಾಗಿ, ಆ ಒದ್ದೆ ಹರಡುತ್ತ ಹೋಯಿತು.

"ಹೊಯ್ತು!" ಬಾಳವ್ವ ಎದ್ದು ನಿಂತೇಬಿಟ್ಟಳು. "ಹೊಯ್ತೋ! ಏ, ಚಿಗರಿ ಹೊಯ್ತೋ!"

ಮೊಮ್ಮಗ ಹುಟ್ಟಿದ ಸುದ್ದಿಯನ್ನು ಹಾಗೆ ಕೂಗುವುದನ್ನು ಕೇಳಿದ್ದೇನೆ. ನೀರಿನಾಚೆಯ ಹಿಂಡಿನವರೂ ಕೈಯೆತ್ತಿ ಕೇಕೆ ಹಾಕಿದರು. ಇನ್ನೂ ಎರಡು ಸಲ ಹಾಗೆಯೇ ಆಯಿತು. ಹೊತ್ತು ಇಳಿಯುವಾಗ ಚಿಗರಿ ತಲೆ ಎತ್ತಿ, ಸುತ್ತ ನೋಡಿ, ನನ್ನ ಕಡೆ ತಿರುಗಿ ಗುರ್ರೆಂದಿತು.

"ಹುಷಾರಾತ್ರಿ ಸಾಹೇಬ್ರ," ಎಂದ ದಸ್ತಗೀರ. "ನಿಮ್ಮ ಗುರ್ತ ಹಿಡೀತು."

ತಿಂಗಳ ಕೊನೆಗೆ ವರದಿ ಬರೆಯುವಾಗ ಈ ಪ್ರಕರಣ ಸೇರಿಸಿದೆ. ಆಗಿನ ನನ್ನ ಮೇಲಧಿಕಾರಿ ಕನ್ನಡಕ ಏರಿಸಿ ನೋಡಿದರು. "ನಾಯಿಗೆ ಕಾಲಂ ಎಲ್ಲೈತ್ರಿ ಇದರಾಗ? ದನ ಐತಿ, ಎಮ್ಮಿ ಐತಿ, ಕುರಿ ಐತಿ. ಕುರಿ ಕಾಯೋ ನಾಯಿ ಅಂದ್ರಿ? ಹಂಗಾದರ ಕುರಿಯಾಗ ಬರೀರಿ." ಬರೆದೆ. ರೋಗದ ಹೆಸರು ಕೇಳಿದಾಗ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ಧೈರ್ಯವೂ ಇರಲಿಲ್ಲ. ಆ ವರದಿಯ ಕರಡು ನನ್ನ ಡೈರಿಯಲ್ಲಿ ಹೀಗಿದೆ: "ಕುರಿ ಒಂದು. ಬಿಸಿಲಿನ ಹೊಡೆತ. ಡೆಕ್ಸ್ಟ್ರೋಸ್ ಕೊಡಲಾಗಿ ಗುಣ." ಪ್ರಾಣಿ ಸುಳ್ಳು, ರೋಗ ಸುಳ್ಳು, ಔಷಧ ಸುಳ್ಳು. ಗುಣವಾದದ್ದೊಂದೇ ನಿಜ. ಅದನ್ನೂ ನಾನು ಮಾಡಲಿಲ್ಲ.

ಆ ಅಧಿಕಾರಿಯ ಬಗ್ಗೆ ಇಷ್ಟನ್ನೇ ಹೇಳಿ ಬಿಟ್ಟರೆ ಅನ್ಯಾಯ. ನಾಯಿಗೆ ಕಾಲಂ ಕೊಡದ ಅದೇ ಮನುಷ್ಯ ಪ್ರತಿ ಬೇಸಿಗೆ ಕಚೇರಿಯ ಗೇಟಿನ ನೆರಳಿಗೆ ಒಂದು ಮಣ್ಣಿನ ಪಾತ್ರೆ ಇಡಿಸಿ, ಬೀದಿನಾಯಿಗಳಿಗೆಂದು ದಿನಕ್ಕೆರಡು ಸಲ ತಾವೇ ನೀರು ತುಂಬುತ್ತಿದ್ದರು. ಹಳೆಯ ನೀರು ಚೆಲ್ಲಿ, ತಿಕ್ಕಿ, ಹೊಸದು ಹಾಕುತ್ತಿದ್ದರು. ಅದಕ್ಕೂ ಕಾಲಂ ಇರಲಿಲ್ಲ.

ರಾಮದುರ್ಗಕ್ಕೆ ಹೋದದ್ದು ಎರಡು ಸಾವಿರದ ಈಚೆ. ಆ ಹೊತ್ತಿಗೆ ಪಾದರಸದ ಥರ್ಮಾಮೀಟರ್ ಹೋಗಿ ಗುಂಡಿ ಒತ್ತುವುದು ಬಂದಿತ್ತು. ಜೇಬಿಗೆ ಮೊಬೈಲ್ ಬಂದಿತ್ತು. ಹತ್ತಿರದ ತೊರಗಲ್ಲಿನಲ್ಲಿ ಬೇಟೆನಾಯಿ ಸಾಕುವ ರೈತನೊಬ್ಬನಿದ್ದ. ನಾಯಿಗಳನ್ನು ಓಡಿಸಲು ಕೋಟೆಯ ಕಡೆ ಕರೆದೊಯ್ಯುವ ಮೊದಲು ಚಪ್ಪಲಿ ಕಳಚಿ ಬಂಡೆಯ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದ. ತನಗೆ ನಿಲ್ಲಲು ಆಗದಿದ್ದರೆ ಆ ದಿನ ನಾಯಿಗಳಿಗೆ ರಜೆ. "ನನ್ನ ಕಾಲು ಹೊಲದಾಗ ಬಲತಾವ್ರಿ. ನನಗ ಸುಟ್ಟರ ಅವಕ್ಕ ಸುಡೂದಿಲ್ಲೇನು?" ಎಂದ. ಗುಂಡಿ ಒತ್ತುವ ಯಾವ ಯಂತ್ರವೂ ಇದಕ್ಕಿಂತ ಚೆನ್ನಾಗಿ ಹೇಳುವುದಿಲ್ಲ. ನಾನೂ ಅಂದಿನಿಂದ ಡಾಂಬರಿನ ಮೇಲೆ ಅಂಗೈ ಇಟ್ಟು ನೋಡುವುದನ್ನು ಕಲಿಸುತ್ತ ಬಂದಿದ್ದೇನೆ.

ರಾಮದುರ್ಗದಲ್ಲಿದ್ದಾಗಲೇ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ಹಂಚಿದ ಕಾಗದಗಳಲ್ಲಿ ಒಂದು ಪುಟ: ನೀರಿನಲ್ಲಿ ಬಹಳ ಹೊತ್ತು ಆಡುವ, ಚೆಂಡು ಕೋಲು ಕಚ್ಚಿ ತರುವ ನಾಯಿಗಳು ಅತಿಯಾಗಿ ನೀರು ನುಂಗಿದರೆ ರಕ್ತದಲ್ಲಿನ ಉಪ್ಪು ತೆಳುವಾಗಿ ಮಿದುಳು ಬಾತುಕೊಳ್ಳುತ್ತದೆ. ತೂರಾಟ, ಜೊಲ್ಲು, ಉಬ್ಬಿದ ಹೊಟ್ಟೆ, ಹಿಗ್ಗಿದ ಪಾಪೆ, ಸೆಳೆತ. ತಡೆಯುವ ಬಗೆ: ಆಗಾಗ ನೀರಿನಿಂದ ಹೊರಗೆ ಕರೆದು ವಿಶ್ರಾಂತಿ ಕೊಡುವುದು, ಮೂತ್ರ ಮಾಡಲು ಬಿಡುವುದು. ಆ ಪುಟವನ್ನು ಮಡಚಿ ಜೇಬಿಗೆ ಇಟ್ಟುಕೊಂಡೆ.

ಕಿರಿಯರಿಗೆ ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ನಾಯಿಯ ಗಂಟಲಿಗೆ ಉಪ್ಪುನೀರು ಹೊಯ್ಯಬಾರದು, ಅದೂ ಕೊಲ್ಲುತ್ತದೆ. ಬಾಳವ್ವ ಇಡುತ್ತಿದ್ದುದು ಅಂಬಲಿಯೊಳಗಿನ ಚಿಟಿಕೆ ಉಪ್ಪು. ಅದರಿಂದ ಎಷ್ಟು ಉಪಯೋಗವಾಯಿತೋ ನಾನು ಅಳೆದಿಲ್ಲ. ಹಗ್ಗದಿಂದ ಆದ ಉಪಯೋಗ ಕಣ್ಣಾರೆ ಕಂಡಿದ್ದೇನೆ.

ಆದರೆ ಆ ಪುಟ ನನಗೆ ಒಂದು ಕೇಡನ್ನೂ ಮಾಡಿತು. ಅದನ್ನು ಓದಿದ ಮೇಲೆ ನನ್ನ ನೆನಪಿನ ಬಾಳವ್ವ ಬಹಳ ಚೆನ್ನಾಗಿ ಮಾತಾಡತೊಡಗಿದಳು. ತುಂಬಿದ ಕೊಡ, ಬೊಗಳಿದಾಗೊಮ್ಮೆ ಬಾಯಿ ತೆರೆಯುವುದು, ಎಲ್ಲ ಪುಸ್ತಕದ ಹಾಗೆ ಒಪ್ಪವಾಗಿ ಕೂತವು. ಇವನ್ನು ಅವಳು ನಿಜಕ್ಕೂ ಹೇಳಿದ್ದಳೇ? ಇಲ್ಲ, ನನ್ನ ನಾಚಿಕೆ ಕಡಿಮೆ ಮಾಡಿಕೊಳ್ಳಲು ಅವಳನ್ನು ನಾನೇ ಪಂಡಿತೆಯನ್ನಾಗಿ ಮಾಡಿದೆನೇ? ಅವಳು ನಳಿಗೆ ಹಿಡಿದಳೇ, ನಾನೇ ನಿಲ್ಲಿಸಿದೆನೇ? ಡೈರಿಯಲ್ಲಿ ಕುರಿ ಇದೆ. ದಸ್ತಗೀರನನ್ನು ಕೇಳೋಣವೆಂದರೆ ಅವನು ಅಷ್ಟರಲ್ಲಿ ತೀರಿಕೊಂಡಿದ್ದ.

ಒಂದು ಬೇಸಿಗೆ, ಸವದತ್ತಿಯಲ್ಲಿ ಸಭೆ ಮುಗಿಸಿಕೊಂಡು ರಾಮದುರ್ಗಕ್ಕೆ ಮರಳುವಾಗ, ಜೀಪನ್ನು ಹಿನ್ನೀರಿನ ಕಡೆ ತಿರುಗಿಸಲು ಹೇಳಿದೆ. ಏಳೆಂಟು ವರ್ಷ ಕಳೆದಿದ್ದವು. ಕುರಿ ತೊಳೆಯುವ ಸಾಲು ನೀರಿನಲ್ಲಿತ್ತು. ಅದೇ ಕಲ್ಲಿರಬೇಕು, ಮೇಲೆ ಬಾಳವ್ವ. ಕಣ್ಣಿಗೆ ಪೊರೆ ಬಂದು ಸರಿಯಾಗಿ ಕಾಣುತ್ತಿರಲಿಲ್ಲ. ಮಣ್ಣಿನ ಬಣ್ಣದ ಒಂದು ಎಳೆಯ ನಾಯಿ ಆಳದಲ್ಲಿ ಈಜುತ್ತ ಕುರಿ ಮರಳಿಸುತ್ತಿತ್ತು. ಚಿಗರಿಯ ಮೊಮ್ಮಗಳು ಎಂದು ಆಮೇಲೆ ತಿಳಿಯಿತು. ಚಿಗರಿ ಮುಪ್ಪಿನಿಂದ ಸತ್ತಿತ್ತು, ಹಟ್ಟಿಯಲ್ಲಿಯೇ.

ನೀರಿನಲ್ಲಿದ್ದ ಹಿರಿಯ ಮಗ ನನ್ನ ಗುರುತು ಹಿಡಿದು ಕೂಗಿದ. "ಯವ್ವಾ, ಡಾಕ್ಟರ್ ಬಂದಾರ ನೋಡು. ಮೊದಲ ಸವದತ್ತ್ಯಾಗ ಇದ್ದೋರು."

ಬಾಳವ್ವ ತಲೆಯನ್ನೂ ತಿರುಗಿಸಲಿಲ್ಲ.

"ಹಂಗಾದರ ಮೊದಲ ನಾಯಿ ಕಟ್ಟ್ರಿ," ಎಂದಳು. "ಅವರು ಬಿಡಸ್ತಾರ."

ನೀರಿನ ಸಾಲಿಗೆ ಸಾಲೇ ನಕ್ಕಿತು. ಒಬ್ಬನ ಕೈಯಿಂದ ಕುರಿಯೊಂದು ಜಾರಿ ಹೋಯಿತು. ನನಗೆ ಅಷ್ಟು ನೆಮ್ಮದಿ ಯಾವ ಪ್ರಶಸ್ತಿಪತ್ರದಿಂದಲೂ ಆಗಿರಲಿಲ್ಲ. ಹಗ್ಗ ಬಿಚ್ಚಿಸಿದವನು ನಾನು ಎಂಬುದಕ್ಕೆ ನನ್ನ ನೆನಪಲ್ಲದೆ ಇನ್ನೊಂದು ಸಾಕ್ಷಿ ಸಿಕ್ಕಿತ್ತು.

ಪಕ್ಕದಲ್ಲಿ ಕುಳಿತು ಕೇಳಿದೆ. "ಅವತ್ತ ಆ ನಳಿಗಿ ಹಿಡದು ನಿಲ್ಲಿಸಿದೋರು ನೀವ ಹೌದಲ್ಲವ್ವ?"

"ಯಾವ ನಳಿಗಿರಿ? ಅದೆಲ್ಲ ನನಗ ನೆಪ್ಪಿಲ್ಲ," ಎಂದಳು. "ನಾಯಿ ಉಳೀತಲ್ರಿ. ಅದು ನೆಪ್ಪೈತಿ." ನಾಲಿಗೆಯಲ್ಲಿ ಆ ಸದ್ದು ಮಾಡಿದಳು. ನಾಯಿ ಕೆಲಸ ಬಿಟ್ಟು ಮೇಲೆ ಬಂತು. ಅವಳು ತಡಕಾಡಿ ಹಗ್ಗ ಹುಡುಕುತ್ತಿದ್ದುದನ್ನು ನೋಡಿ ನಾನೇ ತೆಗೆದು ಜಾಲಿಗೆ ಕಟ್ಟಿದೆ. ಇಬ್ಬರೂ ಕಾಯುತ್ತ ಕುಳಿತೆವು. ನೀರಿನಲ್ಲಿ ಗಂಡಸರೂ ಕಾಯುತ್ತ ನಿಂತರು. ಜೀಪಿನ ಚಾಲಕ ಎರಡು ಸಲ ಹಾರ್ನ್ ಹಾಕಿದ.

ನಾಯಿ ಎದ್ದು, ಮರ ಸುತ್ತಿ, ಕುಳಿತು ಮೂತ್ರ ಮಾಡಿತು.

"ಹೊಯ್ತೇನ್ರಿ?" ಎಂದು ಕೇಳಿದಳು ಬಾಳವ್ವ.

"ಹೊಯ್ತು," ಎಂದೆ.

"ಹಂಗಾದರ ಈಗ ಬಿಡ್ರಿ."

ಬಿಟ್ಟೆ. ಅಂದಿನ ಡೈರಿಯ ಪುಟವನ್ನು ಈಗಷ್ಟೇ ತೆರೆದು, ನಿಜವೇ ಎಂದು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನನ್ನ ಅಕ್ಷರವೇ: "ನಾಯಿ ಒಂದು. ಹೆಣ್ಣು. ರೋಗವಿಲ್ಲ."